ಕೈಗುಣ

ಉತ್ತರದಿಂದ ದಕ್ಷಿಣಕ್ಕೆ ಹರಿಯುವುದೇ ತನ್ನ ಕುಲಧರ್ಮವೆಂದು ನಂಬಿದಂತಿರುವ ಮಿಸಿಸಿಪಿ ಮಹಾನದಿಯು ಅಮೆರಿಕದ ಅಯೊವಾ ಸಂಸ್ಥಾನದ ಅಂಚಿನಲ್ಲಿ ಕೆಲವು ಹರದಾರಿಗಳ ಮಟ್ಟಿಗೆ ಆ ಧರ್ಮವನ್ನು ಮರೆತು ಪಶ್ಚಿಮಾಭಿಮುಖವಾಗಿ ಹರಿಯುತ್ತದೆ. ಆ ತಿರುವಿನ ದಂಡೆಯ ಮೇಲಿರುವ ಪಟ್ಟಣ ಡೇವನ್‌ಪೋರ್ಟ್. ಅಲ್ಲಿಯ ಬ್ರೇಡಿ ಬೀದಿಯ ಮೂಲೆಯಲ್ಲಿ ರಯನ್ ಬ್ಲಾಕ್ ಎಂಬ ಕಟ್ಟಡವೊಂದಿದ್ದಿತು. ಅದರಲ್ಲಿ ಕೊಠಡಿಗಳನ್ನು ಬಾಡಿಗೆಗೆ ಹಿಡಿದು, ಕೈಯಿಂದ ನೇವರಿಸಿ ರೋಗಿಗಳ ಮೈಗೆ ಅಯಸ್ಕಾಂತಶಕ್ತಿಯನ್ನು ಹರಿಸುವೆನೆಂದು ಹೇಳಿಕೊಂಡು ಚಿಕಿತ್ಸೆ ನಡೆಸುತ್ತಿದ್ದವನು ಡೇನಿಯಲ್ ಡೇವಿಡ್ ಪಾಮರ್. ಆ ಕಟ್ಟಡವನ್ನು ಗುಡಿಸಿ ಒರೆಸಿ ನೋಡಿಕೊಳ್ಳುತ್ತಿದ್ದ ಕಪ್ಪು ಜನಾಂಗದ ಹಾರ್ವಿ ಲಿಲ್ಲಾರ್ಡನಿಗೆ ಹದಿನೇಳು ವರ್ಷಗಳಿಂದ ಕಿವಿ ಕೇಳಿಸುತ್ತಿರಲಿಲ್ಲ. ಇಕ್ಕಟ್ಟಾದ ಎಡೆಯಲ್ಲಿ ಬಗ್ಗಿ ಭಾರದ ಕೆಲಸ ಮಾಡುತ್ತಿದ್ದಾಗ ಬೆನ್ನಿನಲ್ಲಿ ಏನೋ ಸರಿದಂತಾಗಿ ಆ ಕ್ಷಣದಿಂದಲೇ ತಾನು ಕಿವುಡನಾದೆನೆಂದು ಅವನು ಹೇಳಿದನಂತೆ; ಪಾಮರನು ತಡವಿ ನೋಡಲು, ಬೆನ್ನುಮೂಳೆಯ ಮಣಿಯೊಂದು ಸ್ಥಾನ ತಪ್ಪಿ ಉಬ್ಬಿದ್ದಿತಂತೆ; ಅದನ್ನು ಒತ್ತಿ ಸ್ವಸ್ಥಾನಕ್ಕೆ ಸೇರಿಸಿದ ಮೇಲೆ ಬೀದಿಯ ಗಾಡಿಗಳ ಸದ್ದು ಲಿಲ್ಲಾರ್ಡನಿಗೆ ಕೇಳಿಸಿತಂತೆ. 1895ನೆಯ ಇಸವಿಯ ಸೆಪ್ಟೆಂಬರ್ 18ನೆಯ ತಾರೀಖು ಇದು ನಡೆದ ದಿನವೆಂದೂ, ಕೈರೋಪ್ರಾಕ್ಟಿಕ್ ಎಂಬ ಚಿಕಿತ್ಸಾಪದ್ಧತಿಗೆ ಇದೇ ಜನ್ಮದಿನವೆಂದೂ ಆ ಪಂಥದವರು ಇಂದಿಗೂ ಎಣಿಸುತ್ತಾರೆ.

ಹುಟ್ಟಿನ ಕಥೆ ಚೆನ್ನಾಗಿದೆ. ಆದರೆ ಶರೀರಶಾಸ್ತ್ರವನ್ನು ಬಲ್ಲವರಿಗೆ ಅದರಲ್ಲಿ ಒಂದು ತೊಡಕು ಕಾಣದೆ ಇರದು. ಕಿವಿಯಿಂದ ಮಿದುಳಿಗೆ ಹೋಗುವ ಶ್ರವಣನರವು ತಲೆಬುರುಡೆಯ ಒಳಗೇ ತನ್ನ ಪಯಣವನ್ನು ಮುಗಿಸುವುದೇ ಹೊರತು ಬೆನ್ನುಮೂಳೆಯ ದಾರಿಯನ್ನು ತುಳಿಯುವುದೇ ಇಲ್ಲ. ಲಿಲ್ಲಾರ್ಡನ ಮಗಳು ಮುಂದೆ ಎಷ್ಟೋ ಕಾಲದ ಮೇಲೆ ತಂದೆಯಿಂದ ಕೇಳಿದುದಾಗಿ ಹೇಳಿದ ವೃತ್ತಾಂತವಂತೂ ಬೇರೆಯೇ ಆಗಿದೆ: ಆತನು ಮೊಗಸಾಲೆಯಲ್ಲಿ ನಿಂತು ಗೆಳೆಯನೊಬ್ಬನಿಗೆ ನಗೆಚಾಟಿಕೆ ಹೇಳುತ್ತಿದ್ದಾಗ, ಪಕ್ಕದಲ್ಲಿದ್ದ ಪಾಮರನು ನಗು ತಡೆಯಲಾರದೆ ದಪ್ಪ ಪುಸ್ತಕ ಹಿಡಿದಿದ್ದ ಕೈಯಿಂದ ಅವನ ಬೆನ್ನಿಗೆ ಒಂದು ಬಡಿದನಂತೆ, ಕೆಲವು ದಿನಗಳ ತರುವಾಯ ಕಿವಿ ಸ್ವಲ್ಪ ವಾಸಿಯೆನಿಸಿತಂತೆ. ಕಿವುಡನಾದವನು ನಗೆಚಾಟಿಕೆಯ ಸರದಿಯಲ್ಲಿ ಹೇಗೆ ಭಾಗಿಯಾದನೆಂದು ಕೇಳುವ ಅರಸಿಕರೂ ಇರಬಹುದು. ಎರಡರಲ್ಲಿ ಯಾವುದು ನಿಜವೆಂದು ನಿರ್ಣಯಿಸುವುದು ನನ್ನ ಉದ್ದೇಶವಲ್ಲ. ಮದ್ದಿಲ್ಲದೆ, ಶಸ್ತ್ರವಿಲ್ಲದೆ, ಕೈಯೊಂದು ಮತ್ತೊಬ್ಬನ ಬೆನ್ನನ್ನು ಮುಟ್ಟಿತು, ಮುಟ್ಟಿಸಿಕೊಂಡವನಿಗೆ ಹಿತವಾಯಿತು ಎಂಬಷ್ಟು ಎರಡು ಕಥೆಗಳಿಗೂ ಸಮಾನವಾಗಿರುವುದನ್ನು ಮಾತ್ರ ಓದುಗರು ಗಮನಿಸಬೇಕು. ಉಳಿದುದೆಲ್ಲ ಆಮೇಲೆ ಬಂದ ವ್ಯಾಖ್ಯಾನ.

ಪಾಮರ್ ಎಂಬ ಹೆಸರು ಕನ್ನಡದ ಕಿವಿಗೆ ಬೇರೊಂದು ಅರ್ಥವನ್ನು ತಂದುಕೊಡುವುದು ಆತನ ತಪ್ಪಲ್ಲವಾದರೂ, ಮುಂದೆ ನಡೆದ ಪಂಡಿತ-ಪಾಮರರ ಶತಮಾನದ ಜಗಳವನ್ನು ನೆನೆದರೆ ಆ ಹೆಸರು ದೈವಸಂಕಲ್ಪವೋ ಎನ್ನಿಸುತ್ತದೆ. 1845ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಹುಟ್ಟಿ, ಇಪ್ಪತ್ತರ ವಯಸ್ಸಿನಲ್ಲಿ ಗಡಿ ದಾಟಿ ಬಂದು, ಶಾಲೆಯಲ್ಲಿ ಉಪಾಧ್ಯಾಯನಾಗಿ, ಜೇನು ಸಾಕಿ, ರಾಸ್ಪ್‌ಬೆರಿ ಹಣ್ಣಿನ ಗಿಡಗಳನ್ನು ಬೆಳೆಸಿ ಮಾರಿ, ದಿನಸಿ ಅಂಗಡಿಯಿಟ್ಟು, ಹೊಂಬಣ್ಣದ ಮೀನುಗಳನ್ನು ಮಾರಿ, ನಾಲ್ವತ್ತು ದಾಟಿದ ಮೇಲೆ ಅಯಸ್ಕಾಂತ ಚಿಕಿತ್ಸಕನಾದವನು ಅವನು. ಇಂಥವನನ್ನು ಮೋಸಗಾರನೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಒಂದೇ ಮೇಜಿನ ಮೇಲೆ ಉಂಡು ಒಂದೇ ಕಾರ್ಖಾನೆಯಲ್ಲಿ ದುಡಿಯುವ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ರೋಗ ಬರುವುದೇಕೆಂದು ತಾನು ಚಿಂತಿಸಿದುದಾಗಿ ಅವನು ಬರೆದಿಟ್ಟಿದ್ದಾನೆ, ಮತ್ತು ಆ ಪ್ರಶ್ನೆ ಹುಸಿಯಾದುದಲ್ಲ. ಉತ್ತರಕ್ಕೆ ಅವಸರಪಟ್ಟದ್ದು ಅವನ ದೋಷ.

ಬೆನ್ನಿನ ಮಣಿಯನ್ನು ಒತ್ತಿ ಕೂರಿಸುವುದು ತನ್ನಿಂದಲೇ ಮೊದಲಾಯಿತೆಂದು ಪಾಮರನೂ ಹೇಳಲಿಲ್ಲ. ಮಣಿಯ ಹಿಂಬದಿಯ ಮುಳ್ಳನ್ನು ಸನ್ನೆಗೋಲಿನಂತೆ ಉಪಯೋಗಿಸಿದವರಲ್ಲಿ ತಾನು ಮೊದಲಿಗನೆಂಬಷ್ಟೇ ಅವನ ವಾದವಾಗಿದ್ದಿತು. ಕೀಲು ಕೂಡಿಸುವ ಕೈಗಳು ಇಲ್ಲದ ದೇಶವೇ ಇಲ್ಲ. ಗ್ರೀಕರ ಹಿಪ್ಪೊಕ್ರಟೀಸನ ಹೆಸರಿನಲ್ಲಿರುವ ಕೀಲುಗಳ ಗ್ರಂಥದಲ್ಲಿ ರೋಗಿಯನ್ನು ಹಲಗೆಗೆ ಕಟ್ಟಿ ಎಳೆದು ಬೆನ್ನಿನ ಮೇಲೆ ಕುಳಿತು ಒತ್ತುವ ಕ್ರಮವುಂಟು. ಸುಶ್ರುತಸಂಹಿತೆಯ ನಿದಾನಸ್ಥಾನವು ಭಗ್ನವನ್ನು ಕಾಂಡಭಗ್ನ, ಸಂಧಿಮುಕ್ತ ಎಂದು ಎರಡಾಗಿ ವಿಂಗಡಿಸಿ, ಕೀಲು ತಪ್ಪುವ ಬಗೆಗಳನ್ನು ಆರಾಗಿ ಎಣಿಸಿದೆ. ನಮ್ಮ ಮೈಸೂರಿನ ಜೆಟ್ಟಿಗಳು ಗರಡಿಯಲ್ಲಿ ಕೀಲು ತಪ್ಪಿಸುವುದನ್ನೂ ಕೂಡಿಸುವುದನ್ನೂ ಒಂದೇ ವಿದ್ಯೆಯ ಎರಡು ಮುಖಗಳೆಂದು ತಿಳಿದಿದ್ದವರು. ಸೊಂಟ ಹಿಡಿದುಕೊಂಡಾಗ, ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಕರೆತಂದು ಅವರಿಂದ ಬೆನ್ನನ್ನು ಮೆಲ್ಲನೆ ಒದೆಯಿಸಿಕೊಳ್ಳುವ ಪದ್ಧತಿಯನ್ನು ನಮ್ಮ ಹಳ್ಳಿಗಳಲ್ಲಿ ನೋಡದವರು ವಿರಳ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲೂ ಇಂಥದೇ ನಂಬಿಕೆ ಇದ್ದಿತೆಂಬುದು ನಮ್ಮವರಿಗೆ ಆಶ್ಚರ್ಯವನ್ನುಂಟುಮಾಡಬಹುದು.

ಅದೇ ಇಂಗ್ಲೆಂಡಿನಲ್ಲಿ ಮೂಳೆ ಕೂಡಿಸುವವರ ಒಂದು ಪರಂಪರೆಯೇ ಇದ್ದಿತು. 1736ರ ಸುಮಾರಿಗೆ ಎಪ್ಸಮ್ಮಿನ ಸಾರಾ ಮ್ಯಾಪ್ ಎಂಬ ಹೆಂಗಸು ತನ್ನ ತೋಳಿನ ಬಲದಿಂದ ಎಷ್ಟು ಪ್ರಸಿದ್ಧಳಾದಳೆಂದರೆ, ಚಿತ್ರಕಾರ ಹೊಗಾರ್ತನು ವೈದ್ಯರನ್ನು ಪರಿಹಾಸ ಮಾಡಿ ಕೆತ್ತಿದ ಚಿತ್ರದಲ್ಲಿ ಆಕೆಗೂ ಒಂದು ಸ್ಥಾನ ದೊರೆಯಿತು. ಮುಂದಿನ ಶತಮಾನದಲ್ಲಿ ಲಂಡನ್ನಿನ ರಿಚರ್ಡ್ ಹಟನ್ ಎಂಬ ಮೂಳೆ ಕೂಡಿಸುವವನು ಕಾಯಿಲೆ ಬಿದ್ದಾಗ ಹುಡ್ ಎಂಬ ವೈದ್ಯನು ಹಣ ಮುಟ್ಟದೆ ಚಿಕಿತ್ಸೆ ಮಾಡಿದನು. ಆ ಋಣವನ್ನು ತೀರಿಸಲೆಂದು ಹಟನ್ನನು ಮನೆತನದ ಗುಟ್ಟನ್ನು ಕಲಿಸಲು ಒಪ್ಪಿದನು. ವೈದ್ಯನ ಮಗನಾದ ವಾರ್ಟನ್ ಹುಡ್ ಕಲಿತು, ಕಲಿತದ್ದನ್ನು 1871ರಲ್ಲಿ ಪಂಡಿತರ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದನು. ಅದಕ್ಕೂ ನಾಲ್ಕು ವರ್ಷ ಮುಂಚೆ, ಶಸ್ತ್ರವೈದ್ಯರಲ್ಲಿ ಅಗ್ರಗಣ್ಯನಾದ ಸರ್ ಜೇಮ್ಸ್ ಪೇಜೆಟ್ ತನ್ನ ಶಿಷ್ಯರಿಗೆ ಇಂಥವರು ವಾಸಿ ಮಾಡುವ ರೋಗಗಳನ್ನೇ ವಿಷಯವಾಗಿಟ್ಟುಕೊಂಡು ಉಪನ್ಯಾಸ ಮಾಡಿ, ಅವರಲ್ಲಿ ಒಳ್ಳೆಯದನ್ನು ಕಲಿಯಿರಿ, ಕೆಟ್ಟದ್ದನ್ನು ಬಿಡಿರಿ ಎಂಬ ಅಭಿಪ್ರಾಯವನ್ನು ಸೂಚಿಸಿದ್ದನು. ಆ ಬುದ್ಧಿವಾದವನ್ನು ಕೇಳಿದ್ದರೆ ಮುಂದಿನ ನೂರು ವರ್ಷಗಳ ವ್ಯಾಜ್ಯವೇ ಇರುತ್ತಿರಲಿಲ್ಲವೇನೋ. ಅಮೆರಿಕದಲ್ಲಂತೂ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬುವನು ಮಿಸ್ಸೂರಿಯ ಕರ್ಕ್ಸ್‌ವಿಲ್ಲಿನಲ್ಲಿ 1892ರಲ್ಲೇ ಆಸ್ಟಿಯೋಪತಿ ಎಂಬ ಹೆಸರಿನ ಶಾಲೆಯನ್ನು ತೆರೆದು, ರಕ್ತನಾಳಗಳ ಅಡ್ಡಿಯೇ ರೋಗಮೂಲವೆಂದು ಬೋಧಿಸುತ್ತಿದ್ದನು. ಸ್ಟಿಲ್ ರಕ್ತವೆಂದನು, ಪಾಮರ್ ನರವೆಂದನು. ಕೈಗಳು ಮಾಡುತ್ತಿದ್ದ ಕೆಲಸ ಮಾತ್ರ ಹೆಚ್ಚು ಕಡಮೆ ಒಂದೇ.

ಹೊಸ ವಿದ್ಯೆಗೆ ಹೆಸರು ಬೇಕಾಯಿತು. ಪಾಮರನ ಬಳಿ ಚಿಕಿತ್ಸೆ ಪಡೆದಿದ್ದ ಸ್ಯಾಮ್ಯುಅಲ್ ವೀಡ್ ಎಂಬ ಪಾದ್ರಿಯು, ಕೈ ಎಂಬರ್ಥದ ಗ್ರೀಕ್ ಶಬ್ದವನ್ನೂ ಕಾರ್ಯವೆಂಬರ್ಥದ ಶಬ್ದವನ್ನೂ ಕೂಡಿಸಿ, ಕೈರೋಪ್ರಾಕ್ಟಿಕ್ ಎಂದು ನಾಮಕರಣ ಮಾಡಿಕೊಟ್ಟನು. ಆ ಪದದ ಮೊದಲಿನಲ್ಲೇ ಕನ್ನಡಿಗನಿಗೆ ತನ್ನ ಕೈ ಕಾಣುವುದು ಕಾಕತಾಳೀಯವಾದರೂ ಹಿತವಾದ ಕಾಕತಾಳೀಯ. 1897ರಲ್ಲಿ ಶಾಲೆ ಆರಂಭವಾಯಿತು. ಇಷ್ಟಕ್ಕೇ ನಿಂತಿದ್ದರೆ ಪಾಮರನು ಕುಶಲಿಯಾದ ಒಬ್ಬ ಕಸುಬುದಾರನಾಗಿ ಉಳಿಯುತ್ತಿದ್ದನು. ಆದರೆ ಕಸುಬಿಗೆ ದರ್ಶನವೊಂದು ಇರಬೇಕೆಂದು ಅವನಿಗೆ ತೋರಿತು. ದೇಹದಲ್ಲಿ ಒಂದು ಸಹಜಪ್ರಜ್ಞೆ ಇರುವುದೆಂದೂ, ಅದು ನರಗಳ ಮೂಲಕ ಅಂಗಾಂಗಗಳನ್ನು ಆಳುವುದೆಂದೂ, ಬೆನ್ನಿನ ಮಣಿಯು ಕಿಂಚಿತ್ತಾಗಿ ಸರಿದು ನರದ ಮೇಲೆ ಪ್ರಭಾವ ಬೀರಿದರೆ ಆ ಆಳ್ವಿಕೆ ಕೆಟ್ಟು ರೋಗ ಬರುವುದೆಂದೂ, ನೂರು ರೋಗಗಳಲ್ಲಿ ತೊಂಬತ್ತೈದಕ್ಕೆ ಇದೇ ಕಾರಣವೆಂದೂ 1910ರ ತನ್ನ ಬೃಹದ್ಗ್ರಂಥದಲ್ಲಿ ಅವನು ಸಾರಿದನು. ಮಿಕ್ಕ ಐದಕ್ಕೆ ಮೈಯ ಇತರ ಕೀಲುಗಳು ಹೊಣೆ. ಆ ಕಿಂಚಿತ್ ಸರಿಯುವಿಕೆಗೆ ಅವನು ಕೊಟ್ಟ ಹೆಸರು ಸಬ್‌ಲಕ್ಸೇಶನ್. ನಮ್ಮ ಮಾತಿನಲ್ಲಿ ಉಪಸಂಧಿಚ್ಯುತಿ ಎನ್ನಬಹುದೇನೋ. ಈ ಜ್ಞಾನವು ಗತಿಸಿಹೋಗಿದ್ದ ವೈದ್ಯನೊಬ್ಬನ ಆತ್ಮದಿಂದ ತನಗೆ ಲಭಿಸಿತೆಂದೂ ಅವನು ನಂಬಿದ್ದನು.

ವಿಧಿಯ ವಿನೋದವೆಂದರೆ, ಲಿಲ್ಲಾರ್ಡನ ಬೆನ್ನನ್ನು ಒತ್ತಿದ ಎರಡು ತಿಂಗಳೊಳಗಾಗಿಯೇ, 1895ರ ನವೆಂಬರಿನಲ್ಲಿ, ಜರ್ಮನಿಯಲ್ಲಿ ರಂಟ್‌ಗೆನ್ ಮೂಳೆಯನ್ನು ತೊಗಲಿನಾಚೆಗೂ ತೋರಿಸಬಲ್ಲ ಕಿರಣವನ್ನು ಕಂಡುಹಿಡಿದನು. ಪಾಮರನ ಶಾಲೆಯವರು ಅದನ್ನು 1910ರ ಸುಮಾರಿಗೆ ಉತ್ಸಾಹದಿಂದ ತರಿಸಿಕೊಂಡರು. ಸಾವಿರಾರು ಬೆನ್ನುಗಳ ಚಿತ್ರಗಳನ್ನು ತೆಗೆದರು. ಮೂಳೆ ಕಂಡಿತು, ಸವೆತ ಕಂಡಿತು, ಮುರಿತ ಕಂಡಿತು. ಸರ್ವರೋಗಮೂಲವಾದ ಆ ಉಪಸಂಧಿಚ್ಯುತಿ ಮಾತ್ರ ನಿಷ್ಪಕ್ಷಪಾತವಾದ ಕಣ್ಣುಗಳಿಗೆ ಇಂದಿನವರೆಗೂ ಕಂಡಿಲ್ಲ.

ಹಾಗಾದರೆ ಇಂಥ ಸಿದ್ಧಾಂತವು ಬದುಕಿ ಉಳಿದದ್ದು ಹೇಗೆ? ಇದಕ್ಕೆ ಉತ್ತರ ದೊರೆಯುವುದು ಆಸ್ಪತ್ರೆಯಲ್ಲಲ್ಲ, ನ್ಯಾಯಾಲಯದಲ್ಲಿ. ಪರವಾನಗಿಯಿಲ್ಲದೆ ವೈದ್ಯ ಮಾಡಿದನೆಂದು 1906ರಲ್ಲಿ ಪಾಮರನಿಗೆ 350 ಡಾಲರ್ ಜುಲ್ಮಾನೆ, ತಪ್ಪಿದರೆ 105 ದಿನಗಳ ಸೆರೆವಾಸವೆಂದು ತೀರ್ಪಾಗಲು, ಹಠದಿಂದ ಸೆರೆಯನ್ನೇ ಆರಿಸಿಕೊಂಡು ಕೆಲವು ವಾರಗಳ ತರುವಾಯ ಹಣ ಕಟ್ಟಿ ಹೊರಬಂದನು. ಮರುವರ್ಷ ವಿಸ್ಕಾನ್ಸಿನ್ನಿನ ಲಾ ಕ್ರಾಸ್ ಎಂಬಲ್ಲಿ, ಪಾಮರ್ ಶಾಲೆಯಲ್ಲಿ ಕಲಿತ ಮೊರಿಕುಬೊ ಎಂಬ ಜಪಾನೀಯನ ಮೇಲೆ, ಪರವಾನಗಿಯಿಲ್ಲದೆ ಆಸ್ಟಿಯೋಪತಿ ನಡೆಸಿದನೆಂಬ ಮೊಕದ್ದಮೆ ಬಂದಿತು. ಅವನ ವಕೀಲನಾದ ಟಾಮ್ ಮಾರಿಸ್ ಮಹಾ ಚತುರ. ನನ್ನ ಕಕ್ಷಿಗಾರನು ಮಾಡಿದ್ದು ಆಸ್ಟಿಯೋಪತಿಯಲ್ಲ, ವೈದ್ಯವೂ ಅಲ್ಲ. ಇದಕ್ಕೆ ತನ್ನದೇ ಆದ ತತ್ತ್ವವುಂಟು, ತನ್ನದೇ ಆದ ಪರಿಭಾಷೆಯುಂಟು, ಇದು ರೋಗವನ್ನು ಗುಣಪಡಿಸುವುದಿಲ್ಲ, ಬೆನ್ನಿನ ಮಣಿಯನ್ನು ಸರಿಪಡಿಸುತ್ತದೆ ಅಷ್ಟೆ — ಎಂಬ ಧಾಟಿಯಲ್ಲಿ ಅವನು ವಾದಿಸಲು, ಪಂಚರು ಅದನ್ನೊಪ್ಪಿ ಮೊರಿಕುಬೊನನ್ನು ಬಿಡುಗಡೆ ಮಾಡಿದರು. ಅಂದಿನಿಂದ ಸಿದ್ಧಾಂತವು ಆ ಕಸುಬಿಗೆ ಬರಿಯ ನಂಬಿಕೆಯಾಗಿ ಉಳಿಯಲಿಲ್ಲ, ಕವಚವಾಯಿತು. ನಾವು ವೈದ್ಯರಂತಲ್ಲ ಎಂದು ಹೇಳಿದಷ್ಟೂ ಸೆರೆಮನೆ ದೂರವಾಗುತ್ತಿದ್ದಿತು. ಆದುದರಿಂದ ಹಾಗೆ ಹೇಳುವುದನ್ನು ಅವರು ಬಿಡಲಿಲ್ಲ. ಕೈ ಬಲ್ಲ ಕೆಲಸಕ್ಕಿಂತ ಬಾಯಿ ಹೇಳುವ ತತ್ತ್ವವೇ ಮುಂದಾದ ಈ ವಿಚಿತ್ರ ಸ್ಥಿತಿಗೆ, ಪಾಮರನ ಕಲ್ಪನೆ ಎಷ್ಟು ಕಾರಣವೋ ಪಂಡಿತರು ತಂದ ಮೊಕದ್ದಮೆಗಳೂ ಅಷ್ಟೇ ಕಾರಣವೆಂದು ನನ್ನ ಅಭಿಪ್ರಾಯ.

ಶಾಲೆಯನ್ನು ಬೆಳೆಸಿದವನು ಮಗ ಬಾರ್ಟ್ಲೆಟ್ ಜೋಶುವಾ ಪಾಮರ್. ತಂದೆಗೆ ದರ್ಶನದ ಹುಚ್ಚು, ಮಗನಿಗೆ ಪ್ರಚಾರದ ಹುಚ್ಚು. 1922ರಲ್ಲಿ ಅವನು ಡಬ್ಲ್ಯುಓಸಿ ಎಂಬ ರೇಡಿಯೋ ನಿಲಯವನ್ನು ಕೊಂಡನು. ಆ ಮೂರು ಅಕ್ಷರಗಳನ್ನು ಅಭಿಮಾನಿಗಳು ಕೈರೋಪ್ರಾಕ್ಟಿಕ್‌ನ ವಿಸ್ಮಯಗಳೆಂದು ಬಿಡಿಸಿ ಓದಿದರು. ಮುಂದೆ ದೇಶಾಧ್ಯಕ್ಷನಾದ ರೊನಾಲ್ಡ್ ರೇಗನ್ ಮೊದಲು ದನಿ ತೋರಿದ್ದು ಅಲ್ಲಿಯೇ. 1924ರಲ್ಲಿ ಬೆನ್ನಿನ ಇಕ್ಕೆಲಗಳ ಕಾವನ್ನು ಅಳೆದು ಸರಿದ ಮಣಿಯನ್ನು ಪತ್ತೆ ಹಚ್ಚುವುದೆಂಬ ಉಪಕರಣವೊಂದನ್ನು ತಂದು, ಅದನ್ನು ಮಾರದೆ ದುಬಾರಿ ಬಾಡಿಗೆಗೆ ಮಾತ್ರ ಕೊಡಲು ಹೊರಟಾಗ ಅವನ ಶಿಷ್ಯರಲ್ಲಿಯೇ ಅನೇಕರು ಬೇಸತ್ತು ದೂರವಾದರು. ತಂದೆಮಕ್ಕಳ ನಡುವಣ ವೈಮನಸ್ಯವಂತೂ ಪ್ರಸಿದ್ಧ: 1913ರ ಆಗಸ್ಟಿನ ಮೆರವಣಿಗೆಯಲ್ಲಿ ಮಗನು ಮೋಟಾರನ್ನು ತಂದೆಗೆ ತಾಗಿಸಿದನೆಂಬ ಆರೋಪ ಹುಟ್ಟಿತು, ಎರಡು ತಿಂಗಳಲ್ಲಿ ಹಿರಿಯ ಪಾಮರನು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡುದು ವಿಷಮಶೀತಜ್ವರದಿಂದ, ಆರೋಪ ನಿಲ್ಲಲಿಲ್ಲ.

ಸಂಸ್ಥಾನಗಳು ಒಂದೊಂದಾಗಿ ಕಾಯಿದೆ ಮಾಡಿ ಇವರಿಗೆ ಮಾನ್ಯತೆ ಕೊಟ್ಟವು. ಕಾನ್ಸಾಸ್ 1913ರಲ್ಲಿ ಮೊದಲನೆಯದು, ಲೂಯಿಸಿಯಾನ 1974ರಲ್ಲಿ ಕಡೆಯದು. ಕ್ಯಾಲಿಫೋರ್ನಿಯದಲ್ಲಿ ಜುಲ್ಮಾನೆ ಕಟ್ಟದೆ ಸೆರೆಗೆ ಹೋಗುವುದೇ ಒಂದು ಚಳವಳಿಯಾಗಿ, 1922ರಲ್ಲಿ ಮತದಾರರೇ ಕಾಯಿದೆಯನ್ನು ಗೆಲ್ಲಿಸಿದರು. ಅಮೆರಿಕದ ವೈದ್ಯಸಂಘವು 1963ರಲ್ಲಿ ಕಪಟವೈದ್ಯವನ್ನು ಕುರಿತು ಸಮಿತಿಯೊಂದನ್ನು ರಚಿಸಿ ಈ ಕಸುಬನ್ನು ನಿರ್ಮೂಲ ಮಾಡಲು ಗುಟ್ಟಾಗಿ ಹವಣಿಸಿತು. ಚೆಸ್ಟರ್ ವಿಲ್ಕ್ ಮೊದಲಾದ ಐವರು 1976ರಲ್ಲಿ ದಾವೆ ಹೂಡಲು, ಹನ್ನೊಂದು ವರ್ಷಗಳ ಮೇಲೆ ನ್ಯಾಯಾಧೀಶೆ ಸೂಸನ್ ಗೆಟ್ಜೆನ್‌ಡ್ಯಾನರ್ ಈ ಕಸುಬಿನವರ ಮೇಲೆ ಸಂಘ ಹೂಡಿದ್ದ ಬಹಿಷ್ಕಾರವು ವ್ಯಾಪಾರ ಸ್ವಾತಂತ್ರ್ಯದ ಕಾಯಿದೆಗೆ ವಿರುದ್ಧವೆಂದು ತೀರ್ಪು ಕೊಟ್ಟರು. ಪಾಮರರು ಗೆದ್ದರೆಂದು ಅನೇಕರು ತಿಳಿದರು. ಆದರೆ ವ್ಯಾಪಾರದ ನ್ಯಾಯ ಬೇರೆ, ರೋಗಿಯ ಬೆನ್ನಿನ ನ್ಯಾಯ ಬೇರೆ. ಎರಡನೆಯದಕ್ಕೆ ಸಾಕ್ಷ್ಯವನ್ನು ಬೇರೆ ಕಡೆ ಹುಡುಕಬೇಕಾಗಿದ್ದಿತು.

ಆ ಸಾಕ್ಷ್ಯ ಬರತೊಡಗಿದ್ದು ಸಿದ್ಧಾಂತವನ್ನು ಪಕ್ಕಕ್ಕಿಟ್ಟು, ಸೊಂಟನೋವಿನ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಯಾರಿಗೆ ಎಷ್ಟು ಹಿತವಾಯಿತೆಂದು ಅಳೆಯಲಾರಂಭಿಸಿದ ಮೇಲೆ. 1990ರಲ್ಲಿ ಬ್ರಿಟನ್ನಿನ ಮೀಡ್ ಮತ್ತು ಸಂಗಡಿಗರು 741 ರೋಗಿಗಳನ್ನು ಪರೀಕ್ಷಿಸಿ, ಆಸ್ಪತ್ರೆಯ ಹೊರರೋಗಿ ಚಿಕಿತ್ಸೆಗಿಂತ ಕೈರೋಪ್ರಾಕ್ಟಿಕ್ ಮೇಲೆಂದು ಪ್ರಕಟಿಸಿದಾಗ ಪಂಡಿತವರ್ಗ ಬೆರಗಾಯಿತು. 1998ರಲ್ಲಿ ಅಮೆರಿಕದ ಚರ್ಕಿನ್ ಮತ್ತು ಸಂಗಡಿಗರು 321 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಬೆನ್ನು ಒತ್ತಿಸಿ, ಒಂದಕ್ಕೆ ವ್ಯಾಯಾಮದ ಚಿಕಿತ್ಸೆ ಕೊಡಿಸಿ, ಮೂರನೆಯದರ ಕೈಗೆ ಸೊಂಟನೋವನ್ನು ಕುರಿತ ಒಂದು ಕಿರುಪುಸ್ತಕವನ್ನು ಕೊಟ್ಟು ಕಳುಹಿಸಿದರು. ಮೊದಲೆರಡು ಗುಂಪುಗಳಿಗೆ ಆದ ಗುಣ ಒಂದೇ ಸಮ. ಕಿರುಪುಸ್ತಕದವರು ಅವರಿಗಿಂತ ಕೂದಲೆಳೆಯಷ್ಟು ಹಿಂದೆ. ಎರಡು ವರ್ಷದ ವೆಚ್ಚ ಮಾತ್ರ ಕೈಚಿಕಿತ್ಸೆಗೆ 429 ಡಾಲರ್, ವ್ಯಾಯಾಮಕ್ಕೆ 437, ಪುಸ್ತಕದವರಿಗೆ 153. ಈ ಲೆಕ್ಕವನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಓದುವ ಅಭ್ಯಾಸಕ್ಕೆ ಇದಕ್ಕಿಂತ ಮಿಗಿಲಾದ ಪ್ರಶಸ್ತಿ ಇನ್ನೇನಿದ್ದೀತು?

ಆಮೇಲಿನ ಪರೀಕ್ಷೆಗಳ ಹೊರೆಯನ್ನೆಲ್ಲ ಇಲ್ಲಿ ಬಿಚ್ಚುವುದು ಅನಾವಶ್ಯಕ. 2011ರಲ್ಲಿ ಕಾಕ್ರೇನ್ ಬಳಗದ ರೂಬಿನ್‌ಸ್ಟೈನ್ ಮತ್ತು ಸಂಗಡಿಗರು 26 ಪ್ರಯೋಗಗಳನ್ನೂ, 2019ರಲ್ಲಿ ಅದೇ ರೂಬಿನ್‌ಸ್ಟೈನ್ ಮತ್ತಿತರರು 9,211 ಮಂದಿ ಭಾಗಿಯಾಗಿದ್ದ 47 ಪ್ರಯೋಗಗಳನ್ನೂ ಒಟ್ಟುಗೂಡಿಸಿ ತೂಗಿದಾಗ ಹೊರಟ ಅರ್ಥ ಒಂದೇ: ಬಹುಕಾಲದ ಸೊಂಟನೋವಿಗೆ ಬೆನ್ನು ಒತ್ತುವ ಚಿಕಿತ್ಸೆಯು ವ್ಯಾಯಾಮ ಮೊದಲಾದ ಒಪ್ಪಿತ ಚಿಕಿತ್ಸೆಗಳಿಗಿಂತ ಹೆಚ್ಚಲ್ಲ, ಕಡಮೆಯೂ ಅಲ್ಲ. ಹೊಸದಾಗಿ ಹಿಡಿದ ಸೊಂಟಕ್ಕೂ ಮೊದಲ ಆರು ವಾರಗಳಲ್ಲಿ ಸ್ವಲ್ಪ ಸಹಾಯವಾಗುವುದೆಂದು 2017ರ ಒಂದು ವಿಮರ್ಶೆ ಹೇಳಿತು. ಅದೇ ವರ್ಷ ಅಮೆರಿಕದ ವೈದ್ಯವಿದ್ವಾಂಸರ ಸಂಸ್ಥೆಯೊಂದು, ಮಾತ್ರೆ ನುಂಗುವ ಮುನ್ನ ಕಾವು, ನೀವುವಿಕೆ, ವ್ಯಾಯಾಮ, ಬೆನ್ನು ಒತ್ತುವಿಕೆ ಇವುಗಳಲ್ಲೊಂದನ್ನು ನೋಡಬಹುದೆಂದು ಸಲಹೆ ಮಾಡಿತು. ಅಫೀಮಿನ ಮಾತ್ರೆಗಳಿಂದ ನೊಂದ ದೇಶಕ್ಕೆ ಈ ಸಲಹೆ ಸಣ್ಣದಲ್ಲ. ತೊಂಬತ್ತೈದು ರೋಗಗಳ ಮಾತೆಲ್ಲಿ, ಒಂದು ಸೊಂಟದ ಅಲ್ಪೋಪಶಮನವೆಲ್ಲಿ! ಆದರೆ ಆ ಅಲ್ಪವು ನಿಜ.

ಅಪಾಯದ ಮಾತನ್ನೂ ಹೇಳಬೇಕು. ನಾರ್ವೆಯಲ್ಲಿ 1997ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಹೊಸದಾಗಿ ಬಂದ 1,058 ರೋಗಿಗಳಲ್ಲಿ ನೂರಕ್ಕೆ 55 ಮಂದಿಗೆ ಒತ್ತಿದೆಡೆಯ ನೋವು, ತಲೆನೋವು, ಆಯಾಸ ಇವುಗಳಲ್ಲಿ ಯಾವುದಾದರೊಂದು ತೋರಿತೆಂದೂ, ಬಹುಮಟ್ಟಿಗೆ ಒಂದು ದಿನದೊಳಗೆ ಅದು ಹೋಯಿತೆಂದೂ ಕಂಡುಬಂದಿತು. ಮೂಳೆ ಟೊಳ್ಳಾದ ವೃದ್ಧರು, ಗಡ್ಡೆ ಸೋಂಕುಗಳಿಂದ ಬೆನ್ನು ಬಲಗುಂದಿದವರು, ಕಾಲು ಸ್ವಾಧೀನ ತಪ್ಪುತ್ತಿರುವವರು ಇಂಥ ಒತ್ತಡಕ್ಕೆ ಮೈಯೊಡ್ಡತಕ್ಕವರಲ್ಲ. ಸೊಂಟದ ಮಟ್ಟಿಗೆ ಇಷ್ಟು. ಕೊರಳಿನ ವಿಷಯ ಬೇರೆ. ಮಿದುಳಿನ ಹಿಂಭಾಗಕ್ಕೆ ರಕ್ತವನ್ನೊಯ್ಯುವ ಎರಡು ಅಪಧಮನಿಗಳು ಕೊರಳಿನ ಮಣಿಗಳ ಪಕ್ಕದ ರಂಧ್ರಗಳಲ್ಲಿ, ಸೂಜಿಗೆ ಪೋಣಿಸಿದ ದಾರದಂತೆ ಮೇಲೇರಿ, ಮೊದಲನೆಯ ಮಣಿಯ ಬಳಿ ಥಟ್ಟನೆ ಹೊರಳಿ ತಲೆಬುರುಡೆಯನ್ನು ಹೊಗುತ್ತವೆ. ಕುತ್ತಿಗೆಯನ್ನು ವೇಗವಾಗಿ ತಿರುವಿದಾಗ ಆ ನಾಳದ ಒಳಪದರವು ಸೀಳಿ, ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಬಡಿದ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. 2008ರಲ್ಲಿ ಒಂಟಾರಿಯೋ ಪ್ರಾಂತದ ಒಂಬತ್ತು ವರ್ಷಗಳ 818 ಪ್ರಕರಣಗಳನ್ನು ಶೋಧಿಸಿದ ಕ್ಯಾಸಿಡಿ ಮತ್ತಿತರರು, ಪಾರ್ಶ್ವವಾಯುವಿಗೆ ಮುಂಚೆ ಕೈರೋಪ್ರಾಕ್ಟರನ್ನು ಕಂಡವರಿರುವಂತೆ ಸಾಮಾನ್ಯ ವೈದ್ಯನನ್ನು ಕಂಡವರೂ ಇದ್ದರೆಂದು ತೋರಿಸಿ, ನಾಳ ಮೊದಲೇ ಸೀಳಿದ್ದರಿಂದ ಹುಟ್ಟಿದ ಕುತ್ತಿಗೆನೋವೇ ಅವರನ್ನು ಅಲ್ಲಿಗೆ ಕರೆದೊಯ್ದಿರಬಹುದೆಂದು ಊಹಿಸಿದರು. ಊಹೆ ಸಮಂಜಸವಾದುದೇ. ಆದರೂ ಸೀಳತೊಡಗಿದ ನಾಳವಿರುವ ಕುತ್ತಿಗೆಯನ್ನು ಮಾತ್ರೆಯ ಚೀಟಿ ಬರೆಯುವವನು ತಿರುವುವುದಿಲ್ಲ, ಇವನು ತಿರುವುತ್ತಾನೆ ಎಂಬ ಭೇದ ಉಳಿದೇ ಉಳಿಯುತ್ತದೆ. ಅಪರೂಪವಾದರೂ ಈ ಅಪಾಯವನ್ನು ರೋಗಿಗೆ ಮುಂಚೆಯೇ ತಿಳಿಸಬೇಕೆಂದು ಅಮೆರಿಕದ ಹೃದಯ ಸಂಘ 2014ರಲ್ಲಿ ಹೇಳಿದುದು ಇದಕ್ಕಾಗಿಯೇ.

ಹಳೆಯ ಕವಚವು ಹೊರೆಯಾದುದಕ್ಕೆ ದೃಷ್ಟಾಂತ ಬ್ರಿಟನ್ನಿನಲ್ಲಿ ಸಿಕ್ಕಿತು. ಎಳೆಗೂಸುಗಳ ಹೊಟ್ಟೆನೋವು, ಉಬ್ಬಸ, ಕಿವಿಸೋಂಕುಗಳನ್ನೂ ಬೆನ್ನು ಒತ್ತಿ ವಾಸಿ ಮಾಡಬಹುದೆಂಬ ಪ್ರಚಾರವನ್ನು ಸೈಮನ್ ಸಿಂಗ್ ಎಂಬ ಲೇಖಕರು 2008ರಲ್ಲಿ ಪತ್ರಿಕೆಯಲ್ಲಿ ಖಂಡಿಸಲು, ಅಲ್ಲಿಯ ಕೈರೋಪ್ರಾಕ್ಟರುಗಳ ಸಂಘವು ಮಾನನಷ್ಟದ ದಾವೆ ಹೂಡಿತು. ಮೊರಿಕುಬೊನನ್ನು ನ್ಯಾಯಾಲಯ ಉಳಿಸಿದ ಕಾಲ ಹೋಗಿದ್ದಿತು. 2010ರ ಏಪ್ರಿಲಿನಲ್ಲಿ ಮೇಲ್ಮನವಿಯ ನ್ಯಾಯಾಲಯ ಸಿಂಗರ ಪರವಾಗಿ ನುಡಿಯಲು, ಸಂಘವು ದಾವೆಯನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಈ ಕಸುಬಿನ ನಿಯಂತ್ರಣಕ್ಕೆಂದೇ ಕಾಯಿದೆಯ ಮೂಲಕ ಸ್ಥಾಪಿತವಾದ ಮಂಡಲಿಯು, ಉಪಸಂಧಿಚ್ಯುತಿಯ ಕಲ್ಪನೆಯು ಐತಿಹಾಸಿಕವಾದುದೆಂದೂ, ಅದು ರೋಗಕಾರಣವೆಂಬುದಕ್ಕೆ ಸಂಶೋಧನೆಯ ಆಧಾರವಿಲ್ಲವೆಂದೂ ತನ್ನ ಸದಸ್ಯರಿಗೆ ತಿಳಿಸಿತು. ಡೇವನ್‌ಪೋರ್ಟಿನ ಬ್ರೇಡಿ ಬೀದಿಯಲ್ಲಿ ಪಾಮರನ ಹೆಸರಿನ ಕಾಲೇಜು ಇಂದಿಗೂ ನಡೆಯುತ್ತಿದೆ.

ಒತ್ತಿದಾಗ ಕೇಳಿಬರುವ ಆ ಟಕ್ಕೆಂಬ ಸದ್ದಿನ ಗತಿಯೂ ಸಿದ್ಧಾಂತದ ಗತಿಯೇ ಆಯಿತು. ಮಣಿಯು ಸ್ವಸ್ಥಾನಕ್ಕೆ ಬಂದು ಕೂತ ಸದ್ದೆಂದು ರೋಗಿಗಳು ನಂಬಿದ್ದುದು, ಕೀಲಿನ ದ್ರವದೊಳಗಿನ ಅನಿಲದ ಗುಳ್ಳೆಯದೆಂದು 1971ರಲ್ಲಿ ಲೀಡ್ಸಿನ ಸಂಶೋಧಕರು ಕಂಡರು. ಒಮ್ಮೆ ಸದ್ದಾದ ಕೀಲು ಇಪ್ಪತ್ತು ನಿಮಿಷಗಳವರೆಗೆ ಮತ್ತೆ ಸದ್ದು ಮಾಡದು. ನಾವು ಬೆರಳಿನ ನೆಟಿಗೆ ಮುರಿಯುವುದೂ ಇದೇ. ನಮ್ಮೂರ ಕ್ಷೌರದಂಗಡಿಯಲ್ಲಿ ಕೆಲಸ ಮುಗಿದ ಮೇಲೆ, ಕೇಳಿದರೂ ಕೇಳದಿದ್ದರೂ, ತಲೆಗೆ ನಾಲ್ಕು ಬಡಿದು, ಬೆನ್ನು ತಟ್ಟಿ, ಗದ್ದವನ್ನೊಂದು ಕೈಯಲ್ಲಿ ನೆತ್ತಿಯನ್ನೊಂದು ಕೈಯಲ್ಲಿ ಹಿಡಿದು ಕುತ್ತಿಗೆಯ ನೆಟಿಗೆ ತೆಗೆಯುವುದು ವಾಡಿಕೆ. ಅಲ್ಲಿಯ ಯಜಮಾನನು ವಯಸ್ಸಾದವನು; ಅವನ ಕೈಗುಣವನ್ನು ಊರೇ ಹೊಗಳುತ್ತದೆ. ಅವನ ಬೆರಳು ಗದ್ದಕ್ಕೆ ಬಂದೊಡನೆ ನಾನು ಕೈ ಅಡ್ಡ ಹಿಡಿಯುತ್ತೇನೆ. “ಯಾಕೆ ಸ್ವಾಮಿ, ಹೆದರಿಕೆಯೇ?” ಎಂದು ಪ್ರತಿ ತಿಂಗಳೂ ಕೇಳುತ್ತಾನೆ, ಹೌದೆನ್ನುತ್ತೇನೆ, ಮುಂದಕ್ಕೆ ಬಾಗಿ ಬೆನ್ನನ್ನು ಅವನಿಗೆ ಒಪ್ಪಿಸುತ್ತೇನೆ.